ಒಹಾಯೋದ ಕಾರ್ವೆಟ್ ಒಂಟಾರಿಯೊಗೆ ತಂದರೆ ಏನಾದ್ರೂ ಉಳಿಯುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನೀವಿರುವುದು ಕೆನಡಾದ ಒಂಟಾರಿಯೊದಲ್ಲಿ. ಅಮೆರಿಕದ ಒಹಾಯೋದಲ್ಲಿ ಒಬ್ಬರು 2012ರ ಕಾರ್ವೆಟ್ ಅನ್ನು, ಅಂದರೆ ಜನರಲ್ ಮೋಟರ್ಸ್‌ನವರ ಸ್ಪೋರ್ಟ್ಸ್ ಕಾರನ್ನು, 30,000 ಅಮೆರಿಕನ್ ಡಾಲರಿಗೆ ಕೊಡ್ತೀನಿ ಅಂತಿದ್ದಾರೆ. ಗಡಿ ದಾಟಿಸಿ ತಂದರೆ ದುಡ್ಡು ಉಳಿಯುತ್ತಾ, ತೊಂದರೆ ಎಲ್ಲಿ ಬರುತ್ತೆ ಅಂತ ಕೇಳಿದ್ದೀರಿ. ನಾನು 2016ರಲ್ಲಿ ಇದೇ ದಾರಿಯಲ್ಲಿ 2006ರ ಕಾರ್ವೆಟ್ ತಂದವನು. ಉಳಿದ ದುಡ್ಡು ಹೇಳಿಕೊಳ್ಳುವಂಥದ್ದಲ್ಲ. ಆದರೆ 6 ಲೀಟರ್, 400 ಅಶ್ವಶಕ್ತಿಯ ಆ ವಿ8 ಇಂಜಿನ್ ಬೆಳಿಗ್ಗೆ ಸ್ಟಾರ್ಟ್ ಆದಾಗ ಲೆಕ್ಕ ಎಲ್ಲಾ ಮರೆತುಹೋಗುತ್ತೆ, ಅದು ಬೇರೆ ಮಾತು.

ಎಲ್ಲರೂ ಹೆದರುವುದು ಕೆನಡಾ ಕಡೆ ಒಳಗೆ ಬರುವಾಗ ಏನಾಗುತ್ತೋ ಅಂತ. ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಅಮೆರಿಕದಿಂದ ಹೊರಗೆ ಬರುವಾಗ. ಅಲ್ಲಿನ ನಿಯಮದ ಪ್ರಕಾರ ಬಳಸಿದ ಗಾಡಿಯನ್ನು ದೇಶದಿಂದ ಹೊರಗೆ ಕಳಿಸಬೇಕಾದರೆ, ಅದರ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ನೀವು ದಾಟುವ ಗಡಿಯಲ್ಲಿರುವ ಅಮೆರಿಕನ್ ಕಸ್ಟಮ್ಸಿನವರ ಕೈಗೆ ಕನಿಷ್ಠ 72 ಗಂಟೆ ಮೊದಲು ತಲುಪಿರಬೇಕು. ಕದ್ದ ಗಾಡಿ ಆಚೆ ಹೋಗದಿರಲಿ ಅಂತ ಈ ಏರ್ಪಾಡು. ಇದರ ಜೊತೆ ಐಟಿಎನ್ ಅನ್ನುವ ರಫ್ತು ನಂಬರ್ ಬೇಕು, ಅದು ಕಂಪ್ಯೂಟರಿನಲ್ಲಿ ವಿವರ ತುಂಬಿದ ಮೇಲೆ ಸಿಗುತ್ತೆ. ನಮ್ಮಂಥವರು ಅದನ್ನು ತಾವೇ ತುಂಬಲು ಆಗಲ್ಲ, ಅಮೆರಿಕದಲ್ಲಿರುವ ಬ್ರೋಕರ್ ಒಬ್ಬರನ್ನು ಹಿಡಿಯಬೇಕು. ಇಲ್ಲಿ ಜಿಪುಣತನ ಮಾಡಬೇಡಿ.

ನಾನು ಮಾಡಿದ ಎಡವಟ್ಟು ಹೇಳ್ತೀನಿ, ನಗಬೇಡಿ. ಒಹಾಯೋದಲ್ಲಿ ಮಾರುವವರು ಟೈಟಲ್ ಮೇಲೆ ನೋಟರಿ ಎದುರೇ ಸಹಿ ಹಾಕಬೇಕು. ಅದೆಲ್ಲ ಸರಿಯಾಗಿಯೇ ಆಗಿತ್ತು. ಆದರೆ ಗಡಿಗೆ ಮುಂಚಿತವಾಗಿ ಕಳಿಸುವಾಗ ನಾನು ಟೈಟಲ್‌ನ ಮುಂಭಾಗ ಮಾತ್ರ ಸ್ಕ್ಯಾನ್ ಮಾಡಿ ಕಳಿಸಿದ್ದೆ, ನೋಟರಿ ಮುದ್ರೆ ಇದ್ದ ಹಿಂಭಾಗ ಬಿಟ್ಟೇ ಹೋಗಿತ್ತು. ಅದು ಗೊತ್ತಾದದ್ದು ನಾನು ಟ್ರೇಲರ್ ಮೇಲೆ ಕಾರು ಹೇರಿಸಿಕೊಂಡು ಅಮೆರಿಕದ ಗಡಿ ಊರು ಬಫಲೋಗೆ ಬಂದು ನಿಂತ ಮೇಲೆ. ಎರಡೂ ಬದಿ ಮತ್ತೆ ಕೊಟ್ಟೆ, 72 ಗಂಟೆ ಮತ್ತೆ ಮೊದಲಿನಿಂದ ಶುರು. ನವೆಂಬರ್ ತಿಂಗಳು, ಹೊರಗೆ ಹಿಮ, ಕಾರಿಗೆ ಬೇಸಿಗೆಯ ಟೈರು, ನಾನು ಮೂರು ರಾತ್ರಿ ಮೋಟೆಲ್‌ನಲ್ಲಿ ಪಿಜ್ಜಾ ತಿನ್ನುತ್ತಾ ಕಿಟಕಿಯಿಂದ ಅದನ್ನೇ ನೋಡ್ತಾ ಕೂತಿದ್ದೆ. ಮೋಟೆಲ್ ಮತ್ತು ಟ್ರೇಲರ್ ಬಾಡಿಗೆಗೆ ಹೋದ ದುಡ್ಡಿನಲ್ಲಿ ಒಳ್ಳೆ ಬ್ರೋಕರ್ ಸಿಗುತ್ತಿದ್ದರು. ಇನ್ನೊಂದು ವಿಷಯ, ಈ ರಫ್ತು ಕೆಲಸ ನೋಡುವ ಕೌಂಟರ್ ಗಡಿ ದಾಟುವ ಪ್ರತಿ ಸೇತುವೆಯಲ್ಲೂ ದಿನಪೂರ್ತಿ ತೆರೆದಿರುವುದಿಲ್ಲ. ಮೊದಲೇ ಫೋನ್ ಮಾಡಿ ವೇಳೆ ಕೇಳಿಕೊಳ್ಳಿ.

ಮಾರುವವರ ಮೇಲೆ ಸಾಲ ಇದ್ದರೆ ಟೈಟಲ್ ಅವರ ಕೈಯಲ್ಲಿ ಇರೋದೇ ಡೌಟು. ಸಾಲ ತೀರಿಸಿ, ಪತ್ರ ಬಿಡಿಸಿಕೊಂಡು ಬರುವ ತನಕ ಮುಂಗಡ ಬಿಟ್ಟು ಒಂದು ಪೈಸೆಯೂ ಕೊಡಬೇಡಿ. ಟೈಟಲ್ ಮೇಲೆ ಸಾಲ್ವೇಜ್, ಅಂದರೆ ಕೆಟ್ಟು ಗುಜರಿಗೆ ಸೇರಬೇಕಿದ್ದ ಗಾಡಿ, ಅಂತ ಮುದ್ರೆ ಇದ್ದರಂತೂ ಕಾರು ಎಷ್ಟೇ ಮಿಂಚಲಿ, ಆ ಕಡೆ ತಿರುಗಿಯೂ ನೋಡಬೇಡಿ.

ಈಗ ಕೆನಡಾ ಕಡೆ. ಮೊದಲು ಟ್ರಾನ್ಸ್‌ಪೋರ್ಟ್ ಕೆನಡಾ, ಅಂದರೆ ಇಲ್ಲಿನ ಸಾರಿಗೆ ಇಲಾಖೆ, ಇಟ್ಟಿರುವ ಪಟ್ಟಿಯಲ್ಲಿ ನಿಮ್ಮ ಮಾಡೆಲ್, ವರ್ಷ ಎರಡೂ ಇದೆಯಾ ನೋಡಿ. ಅಮೆರಿಕದಲ್ಲಿ ಓಡುವ ಎಲ್ಲಾ ಕಾರಿಗೂ ಇಲ್ಲಿ ಪ್ರವೇಶ ಇಲ್ಲ. 2007ರ ಸೆಪ್ಟೆಂಬರ್ 1ರಿಂದ ತಯಾರಾದ ಗಾಡಿಗಳಿಗೆ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಕಡ್ಡಾಯ ಆಯಿತು, ಆಗ ಎಷ್ಟೋ ಕಾರುಗಳು ಇದೊಂದೇ ಕಾರಣಕ್ಕೆ ಹೊರಗೆ ಉಳಿದವು. ಆಮೇಲೆ ಬಾಕಿ ರೀಕಾಲ್, ಅಂದರೆ ದೋಷ ಸರಿಮಾಡಲು ಕಂಪನಿಯೇ ಗಾಡಿ ವಾಪಸ್ ಕರೆಸುವುದು, ಯಾವುದೂ ಇಲ್ಲ ಅಂತ ಕಂಪನಿಯಿಂದ ಪತ್ರ ಬೇಕು. ಗಡಿಯಲ್ಲಿ ಫಾರ್ಮ್ 1 ಅನ್ನುವ ಆಮದು ಪತ್ರ ಕೊಡ್ತಾರೆ. ಅಲ್ಲಿಂದ 45 ದಿನದ ಒಳಗೆ ಆರ್‌ಐವಿ, ಅಂದರೆ ಆಮದು ಗಾಡಿಗಳನ್ನು ನೋಂದಾಯಿಸುವ ಸಂಸ್ಥೆ ಹೇಳಿದ ಕಡೆ ತಪಾಸಣೆ ಮುಗಿಸಬೇಕು. ನಂದು ಕೆನಡಿಯನ್ ಟೈರ್ ಅಂಗಡಿಯಲ್ಲೇ ಆಯಿತು. ಹಗಲಲ್ಲಿ ಉರಿಯುವ ದೀಪ ಇದೆಯಾ, ಸ್ಪೀಡೋಮೀಟರಿನಲ್ಲಿ ಕಿಲೋಮೀಟರ್ ಕಾಣುತ್ತಾ ಅಂತೆಲ್ಲ ನೋಡ್ತಾರೆ. ಆ ದೀಪ ಕೆನಡಾದಲ್ಲಿ 1989ರ ಡಿಸೆಂಬರಿನಿಂದಲೇ ಕಡ್ಡಾಯ. ಜನರಲ್ ಮೋಟರ್ಸ್ ತೊಂಬತ್ತರ ದಶಕದಲ್ಲೇ ಅಮೆರಿಕದ ಕಾರುಗಳಿಗೂ ಅದನ್ನು ಹಾಕಲು ಶುರು ಮಾಡಿತ್ತು, ಹಾಗಾಗಿ ಕಾರ್ವೆಟ್‌ಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಫೋರ್ಡ್‌ನವರ ಮಸ್ಟಾಂಗ್ ತರುವವರು ಸ್ವಲ್ಪ ಕೈಕೆಲಸಕ್ಕೆ ತಯಾರಾಗಿರಬೇಕು.

ಆದರೆ ನಿಮ್ಮ ಕಾರಿನ ವಿಷಯದಲ್ಲಿ ಒಂದು ಒಳ್ಳೆ ಸುಳಿವು ಇದೆ. ತಯಾರಾಗಿ 15 ವರ್ಷ ತುಂಬಿದ ಗಾಡಿಗೆ ಈ ಆರ್‌ಐವಿ ಗೋಜೇ ಇಲ್ಲ, ಪಟ್ಟಿಯೂ ಬೇಡ, ಆ ತಪಾಸಣೆಯೂ ಬೇಡ. ಲೆಕ್ಕ ಹಿಡಿಯುವುದು ಮಾಡೆಲ್ ವರ್ಷದಿಂದ ಅಲ್ಲ, ತಯಾರಾದ ತಿಂಗಳಿನಿಂದ. 2012ರ ಮಾಡೆಲ್ ಅನ್ನುವುದು 2011ರಲ್ಲೇ ಕಾರ್ಖಾನೆ ಬಿಟ್ಟಿರಬಹುದು. ಡ್ರೈವರ್ ಬಾಗಿಲ ಹತ್ತಿರದ ಲೇಬಲ್ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತೆ. ಸ್ವಲ್ಪ ಕಾದರೆ ಅಷ್ಟು ತಲೆನೋವು ಕಮ್ಮಿ, ತೆರಿಗೆ ಮಾತ್ರ ತಪ್ಪಲ್ಲ.

ತೆರಿಗೆಗೆ ಬರೋಣ. ಒಂದು ಅಮೆರಿಕನ್ ಡಾಲರಿಗೆ 1.38 ಕೆನಡಾ ಡಾಲರ್ ಅಂದುಕೊಳ್ಳಿ. ನಿಮ್ಮ 30,000 ಇಲ್ಲಿಗೆ ಬರುವಾಗ 41,400 ಆಯಿತು. ಗಡಿಯಲ್ಲಿ 5% ಜಿಎಸ್‌ಟಿ, 2,070. ನಂಬರ್ ಪ್ಲೇಟ್ ಮಾಡಿಸುವಾಗ ಒಂಟಾರಿಯೊದ 8%, ಅಂದರೆ 3,312. ಅಲ್ಲಿಗೇ 46,782. ಎಸಿ ಇರುವುದಕ್ಕೆ 100 ಡಾಲರ್ ಬೇರೆ, ಹೌದು, ಎಸಿಗೂ ತೆರಿಗೆ ಇದೆ. ಬ್ರೋಕರ್, ಟ್ರೇಲರ್, ಪ್ರಾಂತ್ಯದ ಸೇಫ್ಟಿ ಸರ್ಟಿಫಿಕೇಟ್ ಇನ್ನೂ ಸೇರಿಸಿಲ್ಲ.

ಇದರ ಮೇಲೆ 2025ರ ಏಪ್ರಿಲ್ 9ರಿಂದ ಕೆನಡಾ ಅಮೆರಿಕದಲ್ಲಿ ತಯಾರಾದ ಕಾರುಗಳ ಮೇಲೆ 25% ಪ್ರತಿಸುಂಕ ಹಾಕಿತು. ಅದು ಪೂರ್ತಿ ಬೆಲೆಯ ಮೇಲೆ ಬಿದ್ದರೆ 10,350 ಡಾಲರ್, ಆಮೇಲೆ ಇದರಲ್ಲಿ ಉಳಿತಾಯ ಅನ್ನುವ ಮಾತೇ ಇಲ್ಲ. ದುಡ್ಡು ಕೊಡುವ ಮೊದಲು ಕೆನಡಾ ಗಡಿ ಇಲಾಖೆಗೆ ಫೋನ್ ಮಾಡಿ, ಗಾಡಿಯ ಗುರುತಿನ ಸಂಖ್ಯೆಯಾದ ವಿನ್ ನಂಬರ್ ಹೇಳಿ, ಈ ಸುಂಕ ನಿಮ್ಮ ಗಾಡಿಗೆ ಇವತ್ತು ಎಷ್ಟು ಬೀಳುತ್ತೆ ಅಂತ ಕೇಳಲೇಬೇಕು. ನಾನು ತಂದಾಗ ಇದು ಇರಲಿಲ್ಲ. ಹಾಗೇ 2007ರ ಕೊನೆಯಲ್ಲಿ, 2011ರಲ್ಲಿ ಎರಡೂ ಡಾಲರ್ ಸಮ ಸಮ ನಿಂತಿದ್ದವು. ಆ ಕಾಲದಲ್ಲಿ ತಂದವರ ಕತೆ ಕೇಳಿ ಈಗ ಹೊರಟರೆ ಕೈ ಸುಡುತ್ತೆ.

ವಿನ್ ನಂಬರ್ ಅಂದೆನಲ್ಲ, ಅದರ ಮೊದಲ ಅಂಕಿಯಲ್ಲಿ ಒಂದು ತಮಾಷೆ ಇದೆ. 1, 4, 5 ಇದ್ದರೆ ಅಮೆರಿಕ, 2 ಇದ್ದರೆ ಕೆನಡಾ, 3 ಇದ್ದರೆ ಮೆಕ್ಸಿಕೊ. ಕಾರ್ವೆಟ್ 1981ರಿಂದ ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲೇ ತಯಾರಾಗ್ತಿದೆ, ಹಾಗಾಗಿ 1. ಆದರೆ 2008ರಿಂದ 2023ರ ತನಕದ ಡಾಡ್ಜ್ ಚಾಲೆಂಜರ್ ಹುಟ್ಟಿದ್ದು ನಮ್ಮ ಬ್ರ್ಯಾಂಪ್ಟನ್‌ನಲ್ಲಿ! 2010ರಿಂದ 2015ರ ಕಮಾರೋ ಮಾಡೆಲ್‌ಗಳು ಇಲ್ಲಿನ ಓಶವಾ ಊರಿನಲ್ಲಿ. ಅಮೆರಿಕನ್ ಕಾರು ಅಂತ ಎದೆ ತಟ್ಟಿಕೊಂಡು ತರುವವರು ಎಷ್ಟೋ ಸಲ ಒಂಟಾರಿಯೊದ ಮಗುವನ್ನು ತವರಿಗೆ ವಾಪಸ್ ಕರೆದುಕೊಂಡು ಬರ್ತಾ ಇರ್ತಾರೆ. ಸುಂಕದವರು ನೋಡುವುದು ಎಲ್ಲಿಂದ ಬಂತು ಅಂತಲ್ಲ, ಎಲ್ಲಿ ತಯಾರಾಯಿತು ಅಂತ, ಆದ್ದರಿಂದ ಇದು ಬರೀ ತಮಾಷೆಯೂ ಅಲ್ಲ. ನಿಮಗೆ ಕಾರ್ವೆಟ್ಟೇ ಆಗಬೇಕು ಅನ್ನುವ ಹಟ ಇಲ್ಲದಿದ್ದರೆ ಯೋಚಿಸಿ.

ನನ್ನನ್ನು ಕೇಳಿದರೆ, ಇಲ್ಲೇ ಒಂಟಾರಿಯೊದಲ್ಲಿ ಅದೇ ವರ್ಷದ ಕಾರ್ವೆಟ್ 48,000ದ ಹತ್ತಿರ ಸಿಕ್ಕರೆ ಸುಮ್ನೆ ತಗೊಂಡುಬಿಡಿ. ಬೇಕಾದ ಬಣ್ಣ, ಗೇರ್ ಇಲ್ಲಿ ಸಿಗ್ತಾನೇ ಇಲ್ಲ ಅಂದರೆ ಮಾತ್ರ ಗಡಿ ಕಡೆ ನೋಡಿ, ವಿಮೆಯವರ ಹತ್ತಿರ ಕಂತು ಎಷ್ಟು ಅಂತ ಮೊದಲೇ ಕೇಳಿಕೊಂಡು. ಸದ್ಯಕ್ಕೆ ಆ ಒಹಾಯೋದವರಿಗೆ ಎರಡು ಫೋಟೋ ಕಳಿಸಲು ಹೇಳಿ: ಬಾಗಿಲ ಹತ್ತಿರದ ಲೇಬಲ್ ಒಂದು, ಟೈಟಲ್ ಒಂದು. ಟೈಟಲ್‌ನ ಎರಡೂ ಬದಿ ಮತ್ತೆ!