ಪ್ರಗತಿ ನೋಟದಲ್ಲಿ ಮುಂದು, ಓದಿನಲ್ಲಿ ಹಿಂದು

ಪ್ರಶ್ನೆ: ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ನಲಿಕಲಿ ಪದ್ಧತಿಯಂತೆ ಕಲಿಯುತ್ತಾರೆ. ಎರಡನೆಯ ತರಗತಿಯ ನನ್ನ ಮಗಳು ಪ್ರಗತಿ ನೋಟದ (ಯಾವ ಮಗು ಯಾವ ಮೆಟ್ಟಿಲು ಮುಗಿಸಿದೆ ಎಂದು ಗುರುತು ಹಾಕುವ ಪಟ್ಟಿ) ಪ್ರಕಾರ ಮುಂದಿದ್ದಾಳೆ. ಮನೆಯಲ್ಲಿ ಪತ್ರಿಕೆಯ ತಲೆಬರಹ ಓದಿಸಿದರೆ ತಡವರಿಸುತ್ತಾಳೆ, ಅಆಇಈ ಕ್ರಮವಾಗಿ ಹೇಳುವುದೂ ಇಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾದ ನಾನು ಗುಣಮಟ್ಟವನ್ನು ಹೇಗೆ ಅಳೆಯಲಿ? ಹಳೆಯ ಪದ್ಧತಿಯೇ ವಾಸಿಯಲ್ಲವೇ?
— ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಅಕ್ಷರಮಾಲೆಯ ಕ್ರಮದ ಚಿಂತೆ ಬಿಡಿ. ನಲಿಕಲಿಯಲ್ಲಿ ಕಲಿಕೆ ಆರಂಭವಾಗುವುದೇ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ. ಒತ್ತಕ್ಷರದ ಮೆಟ್ಟಿಲನ್ನು ಇನ್ನೂ ಏರದ ಮಗುವಿಗೆ ಪತ್ರಿಕೆಯ ತಲೆಬರಹ ನ್ಯಾಯವಾದ ಪರೀಕ್ಷೆಯಲ್ಲ. ಆಕೆ ಮುಗಿಸಿದ ಮೆಟ್ಟಿಲುಗಳ ಅಕ್ಷರಗಳಿಂದಲೇ, ಕಾರ್ಡಿನಲ್ಲಿಲ್ಲದ ಪದಗಳನ್ನು ಬರೆದು ತೋರಿಸಿ. ‘ಗರಗಸ’ವನ್ನು ಚಿತ್ರ ನೋಡಿ ಹೇಳುವ ಮಗು ‘ಅದರ’ ಎಂಬುದನ್ನು ಚಿತ್ರವಿಲ್ಲದೆ ಓದಿದರೆ ಅಕ್ಷರ ದಕ್ಕಿದೆ. ಓದದಿದ್ದರೆ ದಕ್ಕಿರುವುದು ಚಿತ್ರ ಮಾತ್ರ.

ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಿತರಾಗಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿಯನ್ನು ಆರಂಭಿಸಿದ ಶಿಕ್ಷಕರು ಕಾರ್ಡುಗಳನ್ನು ತಾವೇ ಕುಳಿತು ರೂಪಿಸಿದ್ದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿದಾಗ ಉಳಿದ ಶಿಕ್ಷಕರ ಕೈಗೆ ಕಾರ್ಡುಗಳು ಸಿದ್ಧವಾಗಿಯೇ ಬಂದವು. ನನ್ನ ದೃಷ್ಟಿಯಲ್ಲಿ ಸಡಿಲವಾದದ್ದು ಇಲ್ಲಿಯೇ. ಯಾವ ಮಗುವಿಗೆ ನಾಳೆ ಏನು ಕೊಡಬೇಕೆಂದು ಶಿಕ್ಷಕರು ನಿರ್ಧರಿಸಲು ಇರುವ ಪ್ರಗತಿ ನೋಟ, ಭೇಟಿಗೆ ಬರುವ ಅಧಿಕಾರಿಗೆ ತೋರಿಸುವ ದಾಖಲೆಯಾದರೆ, ಗುರುತುಗಳು ಕಲಿಕೆಯನ್ನು ಬಿಟ್ಟು ತಾವೇ ಮುಂದೆ ಹೋಗುತ್ತವೆ. ತಿಂಗಳ ಗುರುತುಗಳೆಲ್ಲ ಒಂದೇ ದಿನ ಒಂದೇ ಪೆನ್ನಿನಲ್ಲಿ ಬಿದ್ದಂತೆ ಕಂಡರೆ ವಿಚಾರಿಸಿ.

ಶಿಕ್ಷಕರ ಒಪ್ಪಿಗೆ ಪಡೆದು ಒಂದು ಗಂಟೆ ತರಗತಿಯಲ್ಲಿ ಕುಳಿತುಕೊಳ್ಳಿ. ಪೂರ್ಣವಾಗಿ ಶಿಕ್ಷಕರ ನೆರವಿನಿಂದಲೇ ಕಲಿಯಬೇಕಾದ ತಟ್ಟೆಯ (ನಲಿಕಲಿಯಲ್ಲಿ ಗುಂಪಿಗೆ ಹೀಗೆನ್ನುತ್ತಾರೆ) ಮಕ್ಕಳ ಬಳಿ ಶಿಕ್ಷಕರು ನಿಜವಾಗಿಯೂ ಕೂರುತ್ತಾರೆಯೇ, ಅಥವಾ ನಾಲ್ಕು ಮತ್ತು ಐದನೆಯ ತರಗತಿಯ ಕೊಠಡಿಗೂ ಅವರೇ ಓಡಬೇಕಾಗಿದೆಯೇ ಎಂಬುದು ಆಗ ತಿಳಿಯುತ್ತದೆ. ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಹಳೆಯ ಪದ್ಧತಿಯಲ್ಲಿ ಇಡೀ ತರಗತಿ ಒಟ್ಟಿಗೆ ಪುಟ ತಿರುಗಿಸುತ್ತಿದ್ದುದರಿಂದ ಹಿಂದುಳಿದ ಮಗು ಕಣ್ಣಿಗೇ ಬೀಳುತ್ತಿರಲಿಲ್ಲ. ಜ್ವರದಿಂದ ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವ ಸೌಲಭ್ಯ ಅಲ್ಲಿರಲಿಲ್ಲ. ಆದ್ದರಿಂದ ಅದಕ್ಕೆ ಮರಳುವುದನ್ನು ನಾನು ಒಪ್ಪುವುದಿಲ್ಲ. ಶಿಕ್ಷಕರ ಕೊರತೆ ಕಂಡುಬಂದರೆ ಅದನ್ನು ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬರೆಸಿ, ಸಭೆಯ ನಡಾವಳಿಯ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ. ಮಗಳನ್ನು ಮಾತ್ರ ನೆಂಟರೆದುರು ಓದಿಸಿ ನೋಡಬೇಡಿ.