ಮತ್ತೆ ಅವೇ ಮ್ಯಾಚಾ?

ಇಂಗ್ಲೆಂಡಿನ ಫುಟ್‌ಬಾಲ್ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಮೂರನೇ ಸುತ್ತಿನ ಡ್ರಾ ಆದ ಮೇಲೆ ನಮಗೆ ಬಂದ ಪತ್ರಗಳಲ್ಲಿ ಖುಷಿ ಪಟ್ಟವರದ್ದು ಒಂದೂ ಇಲ್ಲ. ಹೋಮ್ ಮ್ಯಾಚ್ ಸಿಕ್ಕವರು ಪತ್ರ ಬರೆಯೋದಿಲ್ಲ ಅಂತ ಕಾಣುತ್ತದೆ. ಬಂದದ್ದೆಲ್ಲ ಒಂದೇ ರಾಗ: ಮತ್ತೆ ಎದುರಾಳಿಯ ಮೈದಾನಕ್ಕೆ ಹೋಗಬೇಕಲ್ಲ! ಅದರಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. 'ಹೋಮ್' ಅಂದರೆ ನಮ್ಮ ಮೈದಾನ, 'ಅವೇ' ಅಂದರೆ ಎದುರಾಳಿಯದು. ಇಲ್ಲಿ 'ಡ್ರಾ' ಅಂದರೆ ಯಾರಿಗೆ ಯಾರು ಅಂತ ಚೀಟಿ ಎತ್ತೋದು, ಚೀಟಿಯ ಬದಲು ಕ್ಲಬ್‌ಗೊಂದು ಸಂಖ್ಯೆಯ ಚೆಂಡು. ಮ್ಯಾಚ್ ಡ್ರಾ ಆಗಿದ್ದರೆ 'ಸಮ' ಅಂತ ಬರೆದಿದ್ದೇನೆ. ಇಲ್ಲದಿದ್ದರೆ ನಿಮಗಿಂತ ಮೊದಲು ನನ್ನ ತಲೆ ಕೆಡುತ್ತದೆ.

ಪ್ರಶ್ನೆ: ಸರ್, ನಮ್ಮ ಕ್ಲಬ್‌ಗೆ ಸತತ ನಾಲ್ಕನೇ ಸಲ ಅವೇ ಬಂದಿದೆ. ದೊಡ್ಡ ಕ್ಲಬ್‌ಗಳ ಚೆಂಡನ್ನು ಮೊದಲೇ ಬಿಸಿ ಮಾಡಿ ಇಟ್ಟಿರುತ್ತಾರೆ, ಕೈ ಹಾಕಿದವರು ಬೆಚ್ಚಗಿರೋದನ್ನೇ ಹುಡುಕಿ ತೆಗೆಯುತ್ತಾರೆ ಅಂತ ನನ್ನ ಗೆಳೆಯ ಹೇಳುತ್ತಾನೆ. ನಿಜವಾ?

ಉತ್ತರ: ಬೆಚ್ಚಗಿನ ಚೆಂಡಿನ ಕಥೆ ಬಹಳ ಹಳೆಯದು. ಸೋತ ಕಡೆಯವರು ಪ್ರತಿ ವರ್ಷ ಅದನ್ನೇ ಮತ್ತೆ ಬಿಸಿ ಮಾಡಿ ಬಡಿಸುತ್ತಾರೆ. ಮೂರನೇ ಸುತ್ತಿಗೆ 64 ಕ್ಲಬ್, 64 ಚೆಂಡು. ಮೇಲಿನ ಎರಡು ಹಂತಗಳಾದ ಪ್ರೀಮಿಯರ್ ಲೀಗ್ ಮತ್ತು ಚಾಂಪಿಯನ್‌ಶಿಪ್‌ನ 44 ಕ್ಲಬ್‌ಗಳು ಸೇರಿಕೊಳ್ಳೋದು ಈ ಸುತ್ತಿನಲ್ಲೇ. ಆದರೆ ಒಮ್ಮೆ ಒಳಗೆ ಬಂದ ಮೇಲೆ ದೊಡ್ಡವರು ಚಿಕ್ಕವರು ಅಂತಿಲ್ಲ, ಶ್ರೇಯಾಂಕ ಅಂತಿಲ್ಲ. ಮೊದಲು ಬಂದ ಚೆಂಡಿಗೆ ಹೋಮ್, ಅದರ ಹಿಂದೆ ಬಂದದ್ದಕ್ಕೆ ಅವೇ. ಮುಗೀತು.

ಲೆಕ್ಕ ಹಾಕಿ ನೋಡಿ. ಪ್ರತಿ ಸಲವೂ ಅರ್ಧಕ್ಕರ್ಧ ಅವಕಾಶ. ಸತತ ನಾಲ್ಕು ಸಲ ಅವೇ ಬರೋದಕ್ಕೆ 16ರಲ್ಲಿ 1. ಅಂದರೆ 64 ಕ್ಲಬ್‌ಗಳಲ್ಲಿ ಸುಮಾರು ನಾಲ್ಕು ಕ್ಲಬ್‌ಗಳಿಗೆ ಇದೇ ಗತಿ. ಆ ನಾಲ್ಕರ ಅಭಿಮಾನಿಗಳೂ ಈಗ ಬಿಸಿ ಚೆಂಡಿನ ಬಗ್ಗೆಯೇ ಮಾತಾಡುತ್ತಿರುತ್ತಾರೆ. ಉಳಿದ 60 ಕ್ಲಬ್‌ನವರಿಗೆ ಅನುಮಾನವೇ ಬರುವುದಿಲ್ಲ, ಅಲ್ವಾ?

ಹಾಗಂತ ನಿಮ್ಮ ಸಂಕಟ ನನಗೆ ಅರ್ಥವಾಗೋದಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಸಂಖ್ಯೆ 41 ಅನ್ನಿ. ಬೋಗುಣಿಯಲ್ಲಿ ಚೆಂಡು ಕಡಿಮೆಯಾಗುತ್ತಾ ಬರುತ್ತದೆ, ನಿಮ್ಮದು ಇನ್ನೂ ಬಂದಿಲ್ಲ. ಒಂದು ಚೆಂಡು ಹೊರಗೆ ಬರುತ್ತದೆ, ಹಿಡಿದವರು ಅದನ್ನು ಕ್ಯಾಮೆರಾ ಕಡೆಗೆ ತಿರುಗಿಸುತ್ತಾರೆ, ಯಾವುದೋ ಬೇಡವಾದ ಕ್ಲಬ್. ಆಗ ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು: ಈಗ ಮಾತ್ರ ನಮ್ಮದು ಬರಬೇಡ. ಮುಂದಿನ ಚೆಂಡು 41. ಆ ಎರಡು ಚೆಂಡುಗಳ ನಡುವಿನ ನಾಲ್ಕು ಸೆಕೆಂಡಿನಲ್ಲಿ ಇಟ್ಟ ಹರಕೆಗೆ ಲೆಕ್ಕವೇ ಇಲ್ಲ. ನಾನೊಮ್ಮೆ ಸಂಖ್ಯೆಯನ್ನೇ ತಪ್ಪಾಗಿ ಬರೆದುಕೊಂಡು, ಬೇರೆ ಯಾರದೋ ಹೋಮ್ ಮ್ಯಾಚ್‌ಗೆ ಹತ್ತು ನಿಮಿಷ ಕುಣಿದಿದ್ದೆ. ಆಮೇಲೆ ಸುಮ್ನೆ ಕೂತೆ.

ಪ್ರಶ್ನೆ: ನಾನು ಇಂಗ್ಲೆಂಡಿಗೆ ಬಂದ ಮೇಲೆ ಐದನೇ ಹಂತದ ಒಂದು ಪುಟ್ಟ ಕ್ಲಬ್‌ನ ಹಿಂದೆ ಬಿದ್ದವನು. ಈ ಸಲ ನಮಗೆ ಪ್ರೀಮಿಯರ್ ಲೀಗ್ ಕ್ಲಬ್ ಸಿಕ್ಕಿದೆ, ಆದರೆ ಅವರ ಮೈದಾನದಲ್ಲಿ. ನಮ್ಮಲ್ಲಿ ಅರ್ಧ ಜನ "ದುಡ್ಡು ಬಂತು" ಅಂತ ಕುಣಿಯುತ್ತಿದ್ದಾರೆ. ಇನ್ನರ್ಧ ಮುಖ ಸಪ್ಪಗೆ ಮಾಡಿಕೊಂಡಿದ್ದಾರೆ. ನಾನು ಎರಡನೇ ಗುಂಪು. ನಾನು ಯೋಚಿಸುತ್ತಿರೋದು ತಪ್ಪಾ?

ಉತ್ತರ: ತಪ್ಪಲ್ಲ. ಹತ್ತು ವರ್ಷ ಹಿಂದೆ ಕೇಳಿದ್ದರೆ ನಿಮ್ಮನ್ನು ಮೊದಲನೇ ಗುಂಪಿಗೆ ಎಳೆಯುತ್ತಿದ್ದೆ. ಈಗ ನಾನೂ ನಿಮ್ಮ ಜೊತೆಗೇ.

ಮೊದಲು ದುಡ್ಡಿನ ವಿಷಯ. ಕಪ್ ಪಂದ್ಯದ ಗೇಟ್ ಹಣದಲ್ಲಿ, ಅಂದರೆ ಟಿಕೆಟ್ ಮಾರಿದ ದುಡ್ಡಿನಲ್ಲಿ, ಖರ್ಚು ಕಳೆದು, ಒಂದು ಸಣ್ಣ ಪಾಲು ಸಾಮಾನ್ಯ ನಿಧಿಗೆ ಹೋದ ಮೇಲೆ, ಎರಡು ಕ್ಲಬ್‌ಗಳಿಗೂ ಸಮಪಾಲು. ಹಾಗಾಗಿ ಸಣ್ಣ ಕ್ಲಬ್‌ಗೆ ದೊಡ್ಡ ಮೈದಾನ ಅಂದರೆ ದೊಡ್ಡ ಗಂಟು. 2005ರ ಜನವರಿ ನೆನಪಿಸಿಕೊಳ್ಳಿ. ಎಕ್ಸೆಟರ್ ಸಿಟಿ ಆಗ ಲೀಗ್‌ನಿಂದ, ಅಂದರೆ ಮೇಲಿನ ನಾಲ್ಕು ಹಂತಗಳಿಂದ, ಹೊರಗೆ ಬಿದ್ದಿತ್ತು, ಸಾಲ ಕತ್ತಿನವರೆಗೆ ಬಂದಿತ್ತು, ಕ್ಲಬ್ಬನ್ನು ಅಭಿಮಾನಿಗಳ ಟ್ರಸ್ಟೇ ನಡೆಸುತ್ತಿತ್ತು. ಡ್ರಾದಲ್ಲಿ ಸಿಕ್ಕದ್ದು ಮ್ಯಾಂಚೆಸ್ಟರ್ ಯುನೈಟೆಡ್, ಅದೂ ಅವರದೇ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ. 67 ಸಾವಿರ ಜನರ ಎದುರು 0-0 ಸಮ. ಆಗಿನ ನಿಯಮದ ಪ್ರಕಾರ ಮರುಪಂದ್ಯ ಎಕ್ಸೆಟರ್ ಮನೆಯಲ್ಲಿ. ಅಲ್ಲಿ 0-2ರಲ್ಲಿ ಸೋತರು. ಆದರೆ ಆ ಎರಡು ಆಟಗಳ ದುಡ್ಡಿನಿಂದ ಕ್ಲಬ್ ಉಸಿರಾಡಿತು.

ಈಗ ಮರುಪಂದ್ಯ ಅನ್ನೋ ಪದ ನೋಡಿ. ಅವೇ ಡ್ರಾವನ್ನು ಸಹಿಸಿಕೊಳ್ಳುವ ಹಾಗೆ ಮಾಡಿದ್ದು ಅದೊಂದೇ. ಹೋಗಿ, ಹೇಗೋ ಹಲ್ಲು ಕಚ್ಚಿಕೊಂಡು ಸಮ ಮಾಡಿಕೊಂಡು ಬಂದರೆ, ಅವರನ್ನು ನಮ್ಮ ಅಂಗಳಕ್ಕೆ ಎಳೆದು ತರಬಹುದಿತ್ತು. 1972ರಲ್ಲಿ ಲೀಗ್‌ನ ಹೊರಗಿದ್ದ ಹೆರೆಫರ್ಡ್ ಯುನೈಟೆಡ್ ಮಾಡಿದ್ದು ಇದನ್ನೇ. ಎಲ್ಲರೂ ಫೆಬ್ರುವರಿ 5ರ ಆ ಕೆಸರಿನ ಮೈದಾನ, ಬಡಗಿ ಕೆಲಸ ಮಾಡುತ್ತಿದ್ದ ರೋನಿ ರಾಡ್‌ಫರ್ಡ್ ದೂರದಿಂದ ಬಾರಿಸಿದ ಗೋಲು, ಮೈದಾನಕ್ಕೆ ನುಗ್ಗಿದ ಹುಡುಗರ ಹಿಂಡು, ಎಕ್ಸ್‌ಟ್ರಾ ಟೈಮ್‌ನಲ್ಲಿ ರಿಕಿ ಜಾರ್ಜ್ ಹೊಡೆದ ಗೆಲುವಿನ ಎರಡನೇ ಗೋಲು, ಇಷ್ಟನ್ನೇ ಹೇಳುತ್ತಾರೆ. ಅದು ಮರುಪಂದ್ಯ ಅನ್ನೋದನ್ನು ಮರೆಯುತ್ತಾರೆ. ಡ್ರಾದಲ್ಲಿ ಹೆರೆಫರ್ಡ್‌ಗೆ ಬಂದದ್ದು ಮೊದಲ ಹಂತದ ನ್ಯೂಕಾಸಲ್, ಅವೇ. ಅಲ್ಲಿ 2-2 ಸಮ ಮಾಡಿಕೊಳ್ಳದೇ ಇದ್ದಿದ್ದರೆ ಆ ಕೆಸರೂ ಇಲ್ಲ, ಆ ಗೋಲೂ ಇಲ್ಲ.

2024-25ರಿಂದ ಮೊದಲ ಸುತ್ತಿನಿಂದಲೇ ಮರುಪಂದ್ಯಗಳನ್ನು ತೆಗೆದುಹಾಕಿದ್ದಾರೆ. 90 ನಿಮಿಷಕ್ಕೆ ಸಮ ಆದರೆ ಅಲ್ಲೇ ಎಕ್ಸ್‌ಟ್ರಾ ಟೈಮ್, ಅಲ್ಲೇ ಪೆನಾಲ್ಟಿ. ದೊಡ್ಡ ಕ್ಲಬ್‌ಗಳಿಗೆ ಆಟ ಜಾಸ್ತಿಯಾಗಿ ಸುಸ್ತಾಗುತ್ತದಂತೆ. 2025ರ ಜನವರಿಯಲ್ಲಿ ಇದೇ ಐದನೇ ಹಂತದ ಟ್ಯಾಮ್‌ವರ್ತ್ ತನ್ನ ಮೈದಾನದಲ್ಲಿ ಟಾಟನಮ್‌ ತಂಡವನ್ನು 90 ನಿಮಿಷ 0-0ಕ್ಕೆ ಕಟ್ಟಿಹಾಕಿತು. ಹಳೆಯ ನಿಯಮ ಇದ್ದಿದ್ದರೆ ಅರವತ್ತು ಸಾವಿರಕ್ಕೂ ಹೆಚ್ಚು ಸೀಟಿನ ಟಾಟನಮ್ ಮೈದಾನದಲ್ಲಿ ಮರುಪಂದ್ಯ, ವರ್ಷಗಟ್ಟಲೆ ಆಗುವಷ್ಟು ದುಡ್ಡು. ಹೊಸ ನಿಯಮದಲ್ಲಿ ಸಿಕ್ಕದ್ದು ಇನ್ನೂ ಅರ್ಧ ಗಂಟೆ ಓಟ ಮತ್ತು 0-3 ಸೋಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ.

ಅಂದರೆ ಈಗ ನಿಮಗೆ ಇರೋದು ಒಂದೇ ಒಂದು ಆಟ, ಅದೂ ಅವರ ಮನೆಯಲ್ಲಿ. ಗಂಟು ಬರುತ್ತದೆ, ಸುಳ್ಳಲ್ಲ. ಖಜಾಂಚಿ ನಗುತ್ತಾರೆ. ಆದರೆ ವರ್ಷಪೂರ್ತಿ ಮಳೆಯಲ್ಲಿ ನಿಂತು ನೋಡಿದ ನಿಮ್ಮ ಗೋಲ್‌ಪೋಸ್ಟ್ ಎದುರು ಆ ಸ್ಟಾರ್ ಆಟಗಾರ ಜಾರಿಬೀಳೋದನ್ನು ನೋಡುವ ಅವಕಾಶ ಹೋಯಿತು. ಖಜಾಂಚಿಯ ನಗು ಮತ್ತು ನಿಮ್ಮ ಸಪ್ಪೆ ಮುಖ ಎರಡೂ ಸರಿಯೇ.

ದುಡ್ಡೇ ಮುಖ್ಯ ಅಂತ ಮನೆಯ ಆಟವನ್ನೇ ಕೊಟ್ಟುಬಿಟ್ಟವರೂ ಇದ್ದಾರೆ. 2003ರಲ್ಲಿ ಲೀಗ್‌ನ ಹೊರಗಿದ್ದ ಫಾರ್ನ್‌ಬರೋ ಟೌನ್‌ಗೆ ಆರ್ಸೆನಲ್ ವಿರುದ್ಧ ಹೋಮ್ ಡ್ರಾ ಬಂದಿತ್ತು. ಆಟವನ್ನು ಹೈಬರಿಗೆ, ಅಂದರೆ ಆರ್ಸೆನಲ್ ಮೈದಾನಕ್ಕೆ ಸಾಗಿಸಿದರು. 1-5ರಲ್ಲಿ ಸೋತರು. ಅವೇ ಡ್ರಾ ಬಂದದ್ದಕ್ಕೆ ಅಳುವವರು ಒಂದು ಕಡೆ, ಬಂದ ಹೋಮನ್ನು ತಾವೇ ಅವೇ ಮಾಡಿಕೊಂಡವರು ಇನ್ನೊಂದು ಕಡೆ.

ಪ್ರಶ್ನೆ: ನಮ್ಮದು ಚಾಂಪಿಯನ್‌ಶಿಪ್ ಕ್ಲಬ್. ಸಿಕ್ಕದ್ದು ಅದೇ ಚಾಂಪಿಯನ್‌ಶಿಪ್‌ನ ಇನ್ನೊಂದು ಕ್ಲಬ್, ಅವೇ. ಎರಡು ವಾರದ ಹಿಂದಷ್ಟೇ ಲೀಗ್‌ನಲ್ಲಿ ಅಲ್ಲಿಗೆ ಹೋಗಿ ಬಂದಿದ್ದೆವು. ಇದಕ್ಕಿಂತ ಕೆಟ್ಟ ಡ್ರಾ ಇದೆಯಾ?

ಉತ್ತರ: ಇಲ್ಲ. ನನ್ನ ಪಟ್ಟಿಯಲ್ಲಿ ಇದೇ ಕೊನೆಯದು. ದೊಡ್ಡ ಕ್ಲಬ್ ಆದರೆ ನೋಡೋಕೆ ಹೋಗಬಹುದು, ಸಣ್ಣದಾದರೆ ಹೊಸ ಮೈದಾನ ಕಂಡ ಹಾಗಾಗುತ್ತದೆ. ಇದು ಅದೇ ದಾರಿ, ಅದೇ ಸೀಟು, ಎದುರಿಗೆ ಅದೇ ಹನ್ನೊಂದು ಮುಖ. ಅಥವಾ ಅವರ ರಿಸರ್ವ್ ಆಟಗಾರರು, ಅದು ಇನ್ನೂ ಬೇಜಾರು.

ಪ್ರಶ್ನೆ: ಡ್ರಾ ಬಂದಾಗ ಅಷ್ಟೇನೂ ಬೇಜಾರಾಗಿರಲಿಲ್ಲ. ಆಮೇಲೆ ನಮ್ಮ ಪಂದ್ಯವನ್ನು ಟಿವಿಗೋಸ್ಕರ ಸೋಮವಾರ ರಾತ್ರಿಗೆ ಹಾಕಿದರು. ನಾಲ್ಕು ಗಂಟೆ ರೈಲು ಪ್ರಯಾಣ. ವಾಪಸ್ ಬರಲು ರೈಲೇ ಇಲ್ಲ. ಅಭಿಮಾನಿಗಳನ್ನು ಯಾರೂ ಕೇಳೋದೇ ಇಲ್ಲವಾ?

ಉತ್ತರ: ಕೇಳೋದಿಲ್ಲ. ನಿಜ ಹೇಳಬೇಕೆಂದರೆ, ಅವೇ ಡ್ರಾ ಬಂದಾಗ ಬರುವ ಗೊಣಗಾಟದಲ್ಲಿ ಅರ್ಧದಷ್ಟು ಎದುರಾಳಿಯ ಬಗ್ಗೆ ಅಲ್ಲವೇ ಅಲ್ಲ. ರೈಲು, ರಜೆ, ಟಿಕೆಟ್ ಬಗ್ಗೆ. ಮೂರನೇ ಸುತ್ತು ಅಂದರೆ ಒಂದು ಕಾಲಕ್ಕೆ ಶನಿವಾರ ಮಧ್ಯಾಹ್ನ ಮೂರು ಗಂಟೆ. 2025ರಲ್ಲಿ ಅದು ಗುರುವಾರವೇ ಶುರುವಾಗಿ ಸೋಮವಾರಕ್ಕೂ ಹಬ್ಬಿತ್ತು. ಪ್ಲಿಮತ್‌ನವರಿಗೆ ನ್ಯೂಕಾಸಲ್ ಬಿತ್ತು ಅನ್ನಿ, ಒಂದು ಕಡೆಗೆ ಸುಮಾರು 400 ಮೈಲಿ. ಅದನ್ನು ವಾರದ ನಡುವಿನ ರಾತ್ರಿ ಮಾಡಿ ಅಂದರೆ ಎರಡು ದಿನದ ರಜೆ ಹೋಯಿತು. ಮೇಲೆ ಈಗ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಬೇರೆ. ಹತ್ತು ಗಂಟೆಗೆ ಮುಗಿಯಬೇಕಾದ ಆಟ ಹತ್ತೂಮುಕ್ಕಾಲು ಆಗಬಹುದು. ಪೆನಾಲ್ಟಿ ನೋಡಬೇಕೋ ರೈಲು ಹಿಡಿಯಬೇಕೋ?

ಒಂದು ಸಮಾಧಾನ ಇದೆ. ಕಪ್‌ನಲ್ಲಿ ಬರುವ ತಂಡದವರು ಮೈದಾನದ 15% ಸೀಟುಗಳವರೆಗೆ ಕೇಳಬಹುದು. ಪ್ರೀಮಿಯರ್ ಲೀಗ್ ಪಂದ್ಯಕ್ಕೆ ದೊಡ್ಡ ಮೈದಾನದಲ್ಲೂ 3,000 ಟಿಕೆಟ್. ಕಪ್‌ನಲ್ಲಿ ಅದೇ 60 ಸಾವಿರದ ಮೈದಾನದಲ್ಲಿ 9,000. ಒಂದು ಇಡೀ ಬದಿಯೇ ನಿಮ್ಮದು. ಗೋಲ್‌ಪೋಸ್ಟ್ ಹಿಂದೆ ಒಂಬತ್ತು ಸಾವಿರ ಜನ ಒಟ್ಟಿಗೆ ಹಾಡಿದರೆ ಮನೆಯವರ ಸದ್ದೇ ಕೇಳಿಸೋದಿಲ್ಲ. ಆದರೆ ಪ್ರೀಮಿಯರ್ ಲೀಗ್‌ನ ಅವೇ ಟಿಕೆಟ್‌ಗೆ ಇರುವ 30 ಪೌಂಡ್ ಮಿತಿ ಕಪ್‌ಗೆ ಇಲ್ಲ, ದುಡ್ಡು ಕಟ್ಟುವ ಮುಂಚೆ ದರ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ದೊಡ್ಡ ಕ್ಲಬ್, ಹೆಸರು ಬೇಡ. ನಾಲ್ಕನೇ ಹಂತದ ಕ್ಲಬ್ ಸಿಕ್ಕಿದೆ, ಅವೇ. ಎಲ್ಲರೂ "ಸುಲಭ" ಅನ್ನುತ್ತಿದ್ದಾರೆ. ನನಗೆ ಮಾತ್ರ ಹೊಟ್ಟೆಯಲ್ಲಿ ತಳಮಳ.

ಉತ್ತರ: ನಿಮ್ಮ ಹೊಟ್ಟೆಗೆ ಇತಿಹಾಸ ಗೊತ್ತಿದೆ. 1992ರ ಜನವರಿ 4. ಆರ್ಸೆನಲ್ ಹಿಂದಿನ ವರ್ಷದ ಲೀಗ್ ಚಾಂಪಿಯನ್. ರೆಕ್ಸಮ್ ಅದೇ ಹಿಂದಿನ ವರ್ಷ ನಾಲ್ಕನೇ ಡಿವಿಷನ್‌ನ ಕಟ್ಟಕಡೆಯ ಸ್ಥಾನದಲ್ಲಿತ್ತು. ಮೇಲಿನವರಲ್ಲಿ ಮೊದಲು, ಕೆಳಗಿನವರಲ್ಲಿ ಕೊನೆ. ಆರ್ಸೆನಲ್ ಒಂದು ಗೋಲು ಹೊಡೆದು ಆರಾಮಾಗಿತ್ತು. ಆಟ ಮುಗಿಯಲು ಎಂಟು ನಿಮಿಷ ಇರುವಾಗ ರೆಕ್ಸಮ್‌ನ 37 ವರ್ಷದ ಮಿಕಿ ಥಾಮಸ್ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದರು, ಎರಡು ನಿಮಿಷ ಬಿಟ್ಟು ಸ್ಟೀವ್ ವಾಟ್ಕಿನ್ ಇನ್ನೊಂದು. 2-1.

ನಿಮ್ಮಂಥವರಿಗೆ ಇದು ನಷ್ಟದ ವ್ಯಾಪಾರ. ಗೆದ್ದರೆ "ಅದರಲ್ಲೇನಿದೆ", ಸೋತರೆ ಮೂವತ್ತು ವರ್ಷ ಟಿವಿಯಲ್ಲಿ ನಿಮ್ಮ ಸೋಲನ್ನೇ ತೋರಿಸುತ್ತಾರೆ. ಹಾಗಂತ ಎಲ್ಲ ಸಲವೂ ಹಾಗಾಗೋದಿಲ್ಲ. 2021ರ ಜನವರಿಯಲ್ಲಿ ಟಾಟನಮ್ ಎಂಟನೇ ಹಂತದ ಮರೈನ್ ಮೈದಾನಕ್ಕೆ ಹೋಗಿತ್ತು. ಆ ಮೈದಾನದ ಪಕ್ಕದಲ್ಲೇ ಸಾಲು ಮನೆಗಳ ಹಿತ್ತಿಲು. ಕೋವಿಡ್‌ನಿಂದ ಪ್ರೇಕ್ಷಕರಿಗೆ ಪ್ರವೇಶ ಇಲ್ಲ, ಪಕ್ಕದ ಮನೆಯವರು ಮಾತ್ರ ಬೇಲಿ ಮೇಲಿಂದ ಇಣುಕಿ ನೋಡಿದರು. 5-0, ಟಾಟನಮ್ ಗೆದ್ದಿತು. ಆ ದಿನ ಅವರ ಕೋಚ್ ಜೋಸೆ ಮೊರಿನ್ಯೊ. ಅವರು ತಂಡವನ್ನು ಹಗುರವಾಗಿ ಕಳಿಸಲಿಲ್ಲ. ಯಾಕೆ ಅಂದರೆ 2015ರಲ್ಲಿ ಚೆಲ್ಸಿ ಕೋಚ್ ಆಗಿದ್ದಾಗ ಮೂರನೇ ಹಂತದ ಬ್ರಾಡ್‌ಫರ್ಡ್ ಸಿಟಿ ಅವರ ಮನೆಗೇ ಬಂದು, 0-2 ಹಿಂದಿದ್ದು, 4-2ರಲ್ಲಿ ಗೆದ್ದು ಹೋಗಿತ್ತು. ಅವರಿಗಾಗಿದ್ದು ಆ ಪೆಟ್ಟಿನ ಪಾಠವೇ ಅಂತ ನನ್ನ ಊಹೆ, ಅವರು ಹೇಳಿದ್ದಲ್ಲ.

ಪ್ರಶ್ನೆ: ಬರೀ ಅವೇ ಆಡಿಕೊಂಡೇ ಯಾರಾದರೂ ಕಪ್ ಗೆದ್ದಿದ್ದಾರಾ? ಅಥವಾ ನಾವು ಈಗಲೇ ಕೈ ಬಿಡೋದಾ?

ಉತ್ತರ: ವಿಗನ್ ಅಥ್ಲೆಟಿಕ್, 2013. ಮೂರನೇ ಸುತ್ತಿನಲ್ಲಿ ಮಾತ್ರ ಹೋಮ್ ಸಿಕ್ಕಿತು, ಬೋರ್ನ್‌ಮತ್ ಎದುರು, ಅದನ್ನೂ ಗೆಲ್ಲಲಿಲ್ಲ, 1-1 ಸಮ. ಮರುಪಂದ್ಯಕ್ಕೆ ಬೋರ್ನ್‌ಮತ್‌ಗೇ ಹೋಗಿ 1-0. ಮುಂದೆ ಡ್ರಾದಲ್ಲಿ ಮ್ಯಾಕಲ್ಸ್‌ಫೀಲ್ಡ್ ಅವೇ, ಗೆದ್ದರು. ಹಡರ್ಸ್‌ಫೀಲ್ಡ್ ಅವೇ, ಗೆದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಎವರ್ಟನ್ ಅವೇ, 3-0. ಸೆಮಿಫೈನಲ್, ಫೈನಲ್ ಹೇಗೂ ವೆಂಬ್ಲಿಯಲ್ಲಿ. ಮೇ 11ರ ಫೈನಲ್‌ನಲ್ಲಿ ಬೆನ್ ವಾಟ್ಸನ್ ಹೆಚ್ಚುವರಿ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಸೋತಿತು. ಇಡೀ ದಾರಿಯಲ್ಲಿ ಮನೆಯ ಮೈದಾನದಲ್ಲಿ ಒಂದೇ ಒಂದು ಗೆಲುವಿಲ್ಲದೆ ಕಪ್ ಎತ್ತಿದರು.

ಮೂರು ದಿನ ಬಿಟ್ಟು ಆರ್ಸೆನಲ್ ವಿರುದ್ಧ 1-4ರಲ್ಲಿ ಸೋತು ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದರು. ಅದೂ ಅವೇ ಮ್ಯಾಚೇ.