ಸಹಿ ನೋಡಿ ಗಲೇ ಹೂದಾನಿ ಕೊಳ್ಳಬಹುದೇ?

ಫ್ರಾನ್ಸಿನ ಹಳೇ ಸಾಮಾನುಗಳ ಸಂತೆಯಲ್ಲಿ ಎಲೆ-ಹೂವಿನ ಉಬ್ಬು ಚಿತ್ತಾರದ, ‘ಗಲೇ’ ಸಹಿಯಿರುವ ಗಾಜಿನ ಹೂದಾನಿ ನೋಡಿದ್ದೀರಿ, ಸಹಿ ನಂಬಿ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಸಹಿಯನ್ನು ಮೊದಲು ನೋಡಬೇಡಿ. ನಕಲು ಮಾಡಲು ಅತಿ ಸುಲಭವಾದದ್ದೇ ಅದು.

ಮೊದಲು ಕೆತ್ತನೆ ನೋಡಿ. ಫ್ರಾನ್ಸಿನ ನಾನ್ಸಿ ನಗರದ ಗಾಜು ಕಲಾವಿದ ಎಮಿಲ್ ಗಲೇಯ ಕಾರ್ಖಾನೆಯಲ್ಲಿ ತಿಳಿ ಬಣ್ಣದ ಬಿಸಿ ಗಾಜಿಗೆ ಬೇರೆ ಬಣ್ಣದ ಗಾಜನ್ನು ಪದರವಾಗಿ ಹೊದಿಸಿ ಊದುತ್ತಿದ್ದರು. ತಣಿದ ಮೇಲೆ, ಚಿತ್ತಾರ ಉಳಿಯಬೇಕಾದ ಜಾಗಕ್ಕೆ ಡಾಂಬರಿನಂಥ ಲೇಪ ಬಳಿದು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಅದ್ದುತ್ತಿದ್ದರು. ಲೇಪವಿಲ್ಲದ ಕಡೆ ಮೇಲಿನ ಗಾಜು ಕರಗುತ್ತದೆ. ಇದನ್ನೇ ಮತ್ತೆ ಮತ್ತೆ ಮಾಡಿದಾಗ ಒಂದೇ ಎಲೆಯಲ್ಲಿ ಗಾಜು ದಪ್ಪವಿರುವಲ್ಲಿ ಬಣ್ಣ ಗಾಢವಾಗಿ, ತೆಳುವಾದಲ್ಲಿ ತಿಳಿಯಾಗಿ ಕಾಣುತ್ತದೆ. ಹೂದಾನಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಚಿನ್ನದಂಗಡಿಯವರು ಬಳಸುವ 10 ಪಟ್ಟಿನ ಭೂತಗನ್ನಡಿಯಲ್ಲಿ ಒಂದು ಎಲೆಯನ್ನಷ್ಟೇ ನಿಧಾನವಾಗಿ ನೋಡಿ. ಎಲೆಯುದ್ದಕ್ಕೂ ಒಂದೇ ಛಾಯೆ, ಅಂಚಿನಲ್ಲಿ ಉಗುರಿಗೆ ತಡೆಯುವಷ್ಟೂ ಮೆಟ್ಟಿಲಿಲ್ಲ, ಬಣ್ಣ ಮೇಲ್ಮೈಯಲ್ಲೇ ಕೂತಿದೆ ಎಂದರೆ ಅದು ಬಳಿದ ಬಣ್ಣ. ಹಿನ್ನೆಲೆಯೆಲ್ಲ ಸಕ್ಕರೆ ಚೆಲ್ಲಿದಂತೆ ಒರಟಾಗಿದ್ದರೆ ಮರಳು ಸಿಡಿಸಿ ಮಾಡಿದ್ದಿರಬಹುದು, ಅನುಮಾನಿಸಿ.

ಈಗ ಸಹಿ. ರೊಮೇನಿಯಾದಲ್ಲಿ ಇದೇ ಆಸಿಡ್ ವಿಧಾನದಲ್ಲಿ ಮಾಡಿದ ಹೂದಾನಿಗಳ ಮೇಲೆ ‘ಗಲೇ’ ಜೊತೆಗೆ ‘ಟಿಪ್’ (TIP) ಎಂದಿರುತ್ತದೆ. ಅವರ ಭಾಷೆಯಲ್ಲಿ ಹಾಗೆಂದರೆ ‘ಮಾದರಿ’. ಆ ಗಾಜು ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಮೋಸವೂ ಇಲ್ಲ. ಮೋಸವೇನಿದ್ದರೂ ಆಮೇಲೆ ಆ ಮೂರಕ್ಷರ ಉಜ್ಜಿ ತೆಗೆದವರದು. ಟಾರ್ಚನ್ನು ಓರೆಯಾಗಿ ಹಿಡಿದು ಸಹಿಯ ಸುತ್ತ ಬೆಳಕು ಹಾಯಿಸಿ: ಸುತ್ತಲಿನ ಮಂಕು ಮೇಲ್ಮೈ ನಡುವೆ ಹೊಳೆಯುವ ಪಟ್ಟೆಯೋ ಸಣ್ಣ ತಗ್ಗೋ ಕಂಡರೆ ಬಿಟ್ಟುಬಿಡಿ. ಸಹಿಯ ಮುಂದೆ ಪುಟ್ಟ ನಕ್ಷತ್ರವಿದ್ದರೆ ಅದು 1904ರಲ್ಲಿ ಗಲೇ ತೀರಿಕೊಂಡ ನಂತರದ ಕೆಲವು ವರ್ಷಗಳ ಗುರುತು. ನಕ್ಷತ್ರವಿದೆ ಎಂದ ಮಾತ್ರಕ್ಕೆ ಹೂದಾನಿ ನಕಲಿಯಾಗದು. ಕಾರ್ಖಾನೆ 1930ರ ದಶಕದವರೆಗೂ ನಡೆದಿತ್ತು.

ತಳ ತಿರುಗಿಸಿ. ಮೇಜಿಗೆ ತಾಗುವ ಉಂಗುರದಲ್ಲಿ ಮಾತ್ರ, ದಿಕ್ಕಾಪಾಲಾಗಿ ಸಣ್ಣ ಗೀರುಗಳಿರಬೇಕು. ಮೇಜು ತಾಗದ ಒಳತಗ್ಗಿನಲ್ಲೂ ಗೀರುಗಳಿದ್ದರೆ, ಎಲ್ಲ ಒಂದೇ ದಿಕ್ಕಿಗಿದ್ದರೆ, ಹಳೆಯದೆಂದು ತೋರಿಸಲು ಮಾಡಿದ ಉಪ್ಪುಕಾಗದದ ಕೆಲಸ. ತಳದಲ್ಲಿ ತೂತಿದ್ದರೆ ಅದನ್ನು ಯಾವಾಗಲೋ ದೀಪ ಮಾಡಿದ್ದಾರೆ, ಬೆಲೆ ಇಳಿಯುತ್ತದೆ. ಬಾಯಿಯ ಹತ್ತಿರ ಹೂವೋ ಬಳ್ಳಿಯೋ ಕತ್ತರಿಸಿದಂತೆ ನಿಂತಿದ್ದರೆ, ಚಕ್ಕೆ ಎದ್ದ ಅಂಚನ್ನು ಕೊಯ್ದು ಗಿಡ್ಡ ಮಾಡಿರುವ ಸಾಧ್ಯತೆ ಹೆಚ್ಚು. ಮಡಕೆ ಬಡಿದು ನೋಡುವಂತೆ ಗಾಜನ್ನು ಬಡಿದು ನೋಡುವುದನ್ನು ನಾನು ಒಪ್ಪುವುದಿಲ್ಲ. ದಪ್ಪ ಗಾಜು ಸೀಳಿಲ್ಲದಿದ್ದರೂ ಮಂಕಾಗಿ ಕೇಳಿಸುತ್ತದೆ. ಕತ್ತಲಲ್ಲಿ ಒಳಗೆ ಟಾರ್ಚ್ ಇಳಿಸಿ, ನಿಧಾನವಾಗಿ ತಿರುಗಿಸಿ. ಸೀಳು ಬೆಳ್ಳಿಗೆರೆಯಂತೆ ಮಿಂಚುತ್ತದೆ.

ಇಷ್ಟಾದ ಮೇಲೂ ಬರಹದಲ್ಲಿ ರಸೀದಿ ಕೇಳಿ. ಫ್ರಾನ್ಸಿನ 1981ರ ಮಾರ್ಚ್ 3ರ ಆದೇಶದಂತೆ, ನೀವು ಕೇಳಿದರೆ ಮಾರುವವರು ವಸ್ತುವಿನ ಮೂಲ, ಕಾಲದ ಬಗ್ಗೆ ತಾವು ಹೇಳಿದ್ದನ್ನು ರಸೀದಿಯಲ್ಲಿ ಬರೆದುಕೊಡಲೇಬೇಕು. ‘ಸ್ತೀಲ್ ಗಲೇ’, ‘ಗೂ ದ ಗಲೇ’ ಎಂದರೆ ‘ಗಲೇ ಶೈಲಿ’ ಎಂದಷ್ಟೇ, ಯಾವ ಖಾತರಿಯೂ ಇಲ್ಲ. ‘ದ ಗಲೇ’, ಅಂದರೆ ‘ಗಲೇಯದೇ’ ಎಂದು ಬರೆಯಲು ಹಿಂಜರಿದರೆ ಹಣ ತೆಗೆಯಬೇಡಿ.

ಕೊಂಡು ತಂದರೆ, ಪ್ಲಾಸ್ಟಿಕ್ ಬೋಗುಣಿಯಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ ಕೈಯಿಂದಲೇ ತೊಳೆಯಿರಿ. ಅದಕ್ಕೆ ಮುಂಚೆ ಬೆರಳಿನ ಉಂಗುರ ತೆಗೆದಿಡಿ. ಒಳಗಿನ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಕೆಲವು ಗಂಟೆ ಬಿಡಿ, ಆದರೆ ಚಿನ್ನದ ಲೇಪ, ಎನಾಮೆಲ್ (ಗಾಜಿನ ಮೇಲೆ ಸುಟ್ಟು ಕೂರಿಸಿದ ಬಣ್ಣ) ಇದ್ದರೆ ವಿನೆಗರ್ ಬೇಡ. ಆಗಲೂ ಹೋಗದ ಕಲೆ ಗಾಜೇ ಸವೆದದ್ದು, ಉಜ್ಜಬೇಡಿ.